ದುಡಿಮೆಯ ಅಳತೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ದಾವಣಗೆರೆ ಎಪಿಎಂಸಿ ಪ್ರಾಂಗಣದ ದಲ್ಲಾಳಿ ಅಂಗಡಿಯೊಂದರಲ್ಲಿ ಹತ್ತು ವರ್ಷಕ್ಕೂ ಮೇಲ್ಪಟ್ಟು ಗುಮಾಸ್ತನಾಗಿದ್ದೇನೆ. ಮೆಕ್ಕೆಜೋಳದ ಸುಗ್ಗಿ ಬಂತೆಂದರೆ ರಾತ್ರಿ ಹತ್ತಾದರೂ ಮನೆ ಸೇರುವುದಿಲ್ಲ. ನನ್ನ ಜೊತೆ ಬಿ.ಕಾಂ. ಓದಿದವರು ಬೆಂಗಳೂರಿನಲ್ಲಿ ದೊಡ್ಡ ಹುದ್ದೆಗಳಲ್ಲಿದ್ದಾರೆ. ಚೀಲ ಯಾರದೋ, ಹಣ ಯಾರದೋ, ನಡುವೆ ನಾನು ಅಂಕಿ ಬರೆಯುವವನು. ಈ ಕೆಲಸದಲ್ಲಿ ಯಾವ ಸಾರ್ಥಕತೆಯಿದೆ?
– ಹೆಸರು ಬೇಡ, ದಾವಣಗೆರೆ

ಉತ್ತರ: ನಿಮ್ಮ ಪತ್ರದಲ್ಲಿ ಎರಡು ದೂರುಗಳು ಒಂದರೊಳಗೊಂದು ಹೆಣೆದುಕೊಂಡಿವೆ. ಕೆಲಸ ಕಿರಿದೆಂಬ ಬೇಸರ ಒಂದು. ಕೆಲಸಕ್ಕೆ ಹೊತ್ತುಗೊತ್ತಿಲ್ಲವೆಂಬ ದಣಿವು ಇನ್ನೊಂದು. ಎರಡನೆಯದೇ ಮೊದಲನೆಯದನ್ನು ಹುಟ್ಟಿಸುತ್ತಿದೆಯೆಂದು ನನಗೆ ಅನ್ನಿಸುತ್ತದೆ. ತಿಂಗಳುಗಟ್ಟಲೆ ರಾತ್ರಿ ಹತ್ತಕ್ಕೆ ಮನೆ ಸೇರುವವನಿಗೆ, ಆತ ಶಸ್ತ್ರಚಿಕಿತ್ಸೆ ಮಾಡುವ ವೈದ್ಯನೇ ಆಗಿದ್ದರೂ, ತನ್ನ ಕೆಲಸ ನಿಸ್ಸಾರವಾಗಿಯೇ ಕಾಣುತ್ತದೆ.

ಮೊದಲು ಅಂಕಿಗಳ ಮಾತು. ಜಗಳೂರಿನ ಕಡೆಯಿಂದ ಮೆಕ್ಕೆಜೋಳ ತಂದ ರೈತನನ್ನು ನೆನೆಯಿರಿ. ಕೇಂದ್ರ ಸರ್ಕಾರ 2025-26ಕ್ಕೆ ಕ್ವಿಂಟಲಿಗೆ 2,400 ರೂಪಾಯಿ ಬೆಂಬಲ ಬೆಲೆ ಘೋಷಿಸಿದ್ದು ಆತನಿಗೆ ಗೊತ್ತಿದೆ. ಆದರೆ ತೇವಾಂಶ ನೂರಕ್ಕೆ 14 ದಾಟಿದರೆ ಮಾಲಿನ ದರ್ಜೆ ಇಳಿಯುತ್ತದೆ, ಆಮೇಲೆ ದರವೂ ಇಳಿಯುತ್ತದೆ. ಎಷ್ಟು ತೂಗಿತು, ಯಾವ ದರ ಬಿತ್ತು, ಹಮಾಲಿಗೆ ಎಷ್ಟು ಹೋಯಿತು ಎಂಬುದೆಲ್ಲ ಆತನಿಗೆ ತಿಳಿಯುವುದು ನೀವು ಬರೆದ ಕಾಗದದಿಂದಲೇ. ದಲ್ಲಾಳಿಯ ಕಮಿಷನ್ನು ಖರೀದಿದಾರನ ಮೇಲೆ ಬೀಳಬೇಕೇ ಹೊರತು ರೈತನ ಮೇಲಲ್ಲ ಎಂಬ ನಿಯಮ ನಮ್ಮ ರಾಜ್ಯದಲ್ಲಿದೆ. ಆದರೂ ಅದನ್ನು ಬಿಳಿ ಚೀಟಿಯಲ್ಲಿ, ಅಂದರೆ ಅಧಿಕೃತವಲ್ಲದ ಕಾಗದದಲ್ಲಿ, ರೈತನಿಂದಲೇ ಮುರಿದುಕೊಳ್ಳುತ್ತಾರೆಂಬ ದೂರು ಹಳೆಯದು, ಇನ್ನೂ ತೀರಿಲ್ಲ. ದರ ಗೊತ್ತುಮಾಡುವ ಅಧಿಕಾರ ನಿಮಗಿಲ್ಲ, ನಿಜ. ಆದರೆ ಪ್ರತಿಯೊಂದು ಕಡಿತದ ಕಾರಣವೂ ರೈತನ ಕಣ್ಣಿಗೆ ಕಾಣುವಂತೆ ಅಧಿಕೃತ ಪಟ್ಟಿಯಲ್ಲಿ ಬರೆದುಕೊಡುವುದು, ಆತ ಕೇಳಿದಾಗ ಸಿಡುಕದೆ ಓದಿ ಹೇಳುವುದು ಗುಮಾಸ್ತನ ಕೈಯಲ್ಲಿದೆ. ಸಾರ್ಥಕತೆಯೆಂದು ನೀವು ಕೇಳಿದ್ದಕ್ಕೆ ನಾನು ತೋರಿಸಬಹುದಾದದ್ದು ಇಷ್ಟೇ, ಇದು ಸಣ್ಣದೆಂದು ನನಗೆ ಅನ್ನಿಸುವುದಿಲ್ಲ. ಮಾಲೀಕರು ಬಿಳಿ ಚೀಟಿಯನ್ನೇ ಬರೆಸುತ್ತಿದ್ದರೆ ಮಾತ್ರ ಪ್ರಶ್ನೆ ಬೇರೆಯಾಗುತ್ತದೆ. ಆಗ ಆ ಅಂಗಡಿಯಲ್ಲಿ ಅರ್ಥ ಹುಡುಕುತ್ತ ಕೂರದೆ ಬೇರೆ ಜಾಗ ನೋಡಿಕೊಳ್ಳಿ. ಅಕ್ಕಿ ಗಿರಣಿ, ಆಸ್ಪತ್ರೆ, ಕಾಲೇಜುಗಳು ಇಷ್ಟಿರುವ ಊರಿನಲ್ಲಿ ಟ್ಯಾಲಿ ಮತ್ತು ಜಿಎಸ್‌ಟಿ ಬಲ್ಲ, ಕೈ ಶುದ್ಧವಾಗಿರುವ ಲೆಕ್ಕಿಗನಿಗೆ ಬಾಗಿಲು ಮುಚ್ಚಿರುವುದಿಲ್ಲ.

ಇನ್ನು ಹೊತ್ತಿನ ಮಾತು. ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕುರಿತ ಕರ್ನಾಟಕದ 1961ರ ಕಾಯ್ದೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆಗಳ ದುಡಿಮೆಯನ್ನು ಮಿತಿಯಾಗಿ ಇಟ್ಟು, ಅದಕ್ಕೂ ಮೀರಿದ ದುಡಿಮೆಗೆ ಎರಡು ಪಟ್ಟು ಕೂಲಿ ಕೊಡಬೇಕೆಂದಿದೆ. ಆದರೆ ಲಾರಿಗಳು ಸಾಲಾಗಿ ನಿಂತಿರುವ ಸುಗ್ಗಿಯ ನಡುವೆ ಕಾಯ್ದೆ ಓದಿದರೆ ಕೇಳುವವರಿಲ್ಲ. ಈ ಸುಗ್ಗಿಯಲ್ಲಿ ಬಂದ ಹೊತ್ತು, ಹೋದ ಹೊತ್ತನ್ನು ದಿನವೂ ಬರೆದಿಡಿ. ಮುಂದಿನ ಶ್ರಾವಣದಲ್ಲಿ, ಹೊಸ ಮಾಲು ಬರುವ ಮೊದಲು, ಆ ಪುಸ್ತಕ ಹಿಡಿದು ಒಬ್ಬ ಸಹಾಯಕನನ್ನಾಗಲಿ ಹೆಚ್ಚುವರಿ ಸಂಬಳವನ್ನಾಗಲಿ ಕೇಳಿ. ಲೆಕ್ಕದವನು ಲೆಕ್ಕ ಇಟ್ಟುಕೊಂಡು ಕೇಳಿದಾಗ ಇಲ್ಲವೆನ್ನುವುದು ಯಾವ ಮಾಲೀಕನಿಗೂ ಸುಲಭವಲ್ಲ.

ಬೆಂಗಳೂರಿನ ಸಹಪಾಠಿಗಳ ವಿಷಯ ಬಿಡಿ. ಅವರ ಮನೆ ಬಾಡಿಗೆ ಎಷ್ಟೆಂದು ಒಮ್ಮೆ ಕೇಳಿ ನೋಡಿ.

ಪ್ರಶ್ನೆ: ಚಿತ್ರದುರ್ಗದ ಬಟ್ಟೆ ಅಂಗಡಿಯಲ್ಲಿ ಮಾರಾಟದ ಕೆಲಸ ನನ್ನದು. ಗಲ್ಲಾಪೆಟ್ಟಿಗೆಯ ಮೇಲೆ ‘ಕಾಯಕವೇ ಕೈಲಾಸ’ ಎಂಬ ಫಲಕವಿದೆ. ನಾವು ರಜೆಯನ್ನೋ ಹೆಚ್ಚುವರಿ ಹೊತ್ತಿನ ಕೂಲಿಯನ್ನೋ ಕೇಳಿದರೆ ಮಾಲೀಕರು ಅದನ್ನು ತೋರಿಸಿ ನಗುತ್ತಾರೆ. ವಚನಗಳನ್ನು ನಂಬಿ ಬೆಳೆದ ಮನೆಯವಳು ನಾನು. ಏನು ಹೇಳಲಿ?
– ಓದುಗರೊಬ್ಬರು, ಚಿತ್ರದುರ್ಗ

ಉತ್ತರ: ಆ ಮಾತನ್ನು ಆಯ್ದಕ್ಕಿ ಮಾರಯ್ಯನ ಹೆಸರಿನೊಂದಿಗೆ ಸೇರಿಸಿ ಹೇಳುವುದು ರೂಢಿ. ಹಾಗಾದರೆ ಮಾರಯ್ಯನ ಮನೆಯ ಕಥೆಯನ್ನೂ ಪೂರ್ತಿ ಹೇಳಬೇಕು. ಆಯುವ ಕಾಯಕದ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಹೆಂಡತಿ ಲಕ್ಕಮ್ಮ ಹಿಗ್ಗಲಿಲ್ಲ. ಅಂದಿನ ಅಗತ್ಯಕ್ಕೆ ಮೀರಿದ್ದು ನಮ್ಮದಲ್ಲ, ತಂದಲ್ಲಿಗೇ ಸುರಿದು ಬಾ ಎಂದಳು. ಹನ್ನೆರಡನೆಯ ಶತಮಾನದ ಶರಣರ ಕಾಯಕದಲ್ಲಿ ಮಾಡುವ ಕಟ್ಟಳೆ ಇದ್ದಷ್ಟೇ ಬಿಗಿಯಾಗಿ ಪಡೆಯುವ ಕಟ್ಟಳೆಯೂ ಇತ್ತು. ನಿಮ್ಮ ಕೂಲಿಯಿಲ್ಲದ ಒಂದೆರಡು ಗಂಟೆಗಳು ನಿಮ್ಮ ಮಾಲೀಕರ ಮನೆಯಲ್ಲಿ ಉಳಿದಿರುವ ಹೆಚ್ಚುವರಿ ಅಕ್ಕಿಯಲ್ಲದೆ ಮತ್ತೇನು? ಲಕ್ಕಮ್ಮ ಆ ಅಂಗಡಿಗೆ ಬಂದಿದ್ದರೆ ಫಲಕವನ್ನು ಓದಿದ ಮೇಲೆ ಹಾಜರಿ ಪುಸ್ತಕವನ್ನೂ ಕೇಳುತ್ತಿದ್ದಳೇನೋ.

ಇದನ್ನು ನಿಮ್ಮ ಸಮಾಧಾನಕ್ಕೆ ಬರೆದೆ. ಮಾಲೀಕರೊಂದಿಗೆ ವಚನದ ಚರ್ಚೆಗೆ ಇಳಿಯಬೇಡಿ. ಅವರಿಗೆ ಸಾಹಿತ್ಯ ಹತ್ತುವುದಿಲ್ಲ, ನಿಮ್ಮ ಕೆಲಸ ಹೋಗುತ್ತದೆ. ವಾರಕ್ಕೊಂದು ಪೂರ್ತಿ ದಿನದ ರಜೆ ಮೇಲೆ ಹೇಳಿದ ಕಾಯ್ದೆಯಲ್ಲೇ ಇರುವ ಹಕ್ಕು. ಅದೊಂದನ್ನೇ ಹಿಡಿದು, ಎಲ್ಲ ನೌಕರರೂ ಸಹಿ ಮಾಡಿ, ವಿನಯದ ಎರಡು ಸಾಲಿನ ಅರ್ಜಿ ಕೊಡಿ ಮತ್ತು ಅದರ ಪ್ರತಿ ನಿಮ್ಮ ಬಳಿ ಇರಲಿ. ಫಲ ಸಿಗದಿದ್ದರೆ ಆ ಪ್ರತಿಯೊಂದಿಗೆ ಜಿಲ್ಲೆಯ ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗಿ.

ಪ್ರಶ್ನೆ: ತಂದೆಯವರು ದಾವಣಗೆರೆಯ ಹತ್ತಿ ಗಿರಣಿಯಲ್ಲಿದ್ದವರು. ನಾನು ಕಂಪನಿ ಬದಲಿಸುವೆನೆಂದರೆ ಅನ್ನ ಕೊಟ್ಟಲ್ಲಿ ನಿಷ್ಠೆ ಬೇಡವೇ ಎನ್ನುತ್ತಾರೆ. ಖಾಯಂ ನೌಕರಿಗೆ ಸೇರಿ ನಾಲ್ಕೂವರೆ ವರ್ಷವಾಯಿತು. ಬಿಡಲೇ?
– ಓದುಗರೊಬ್ಬರು, ಹರಿಹರ

ಉತ್ತರ: ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಸಿದ ಗಿರಣಿಗಳು ಮುಚ್ಚುವಾಗ ಕಾರ್ಮಿಕರ ನಿಷ್ಠೆಯನ್ನು ಅಳೆದು ಮುಚ್ಚಲಿಲ್ಲ. ಇದನ್ನು ತಂದೆಯವರಿಗೆ ನೀವು ಹೇಳಬೇಕಿಲ್ಲ, ನಿಮಗಿಂತ ಚೆನ್ನಾಗಿ ಅವರಿಗೇ ಗೊತ್ತು. ಅವರನ್ನು ಕಾಡುತ್ತಿರುವುದು ನಿಮ್ಮ ನಿಷ್ಠೆಯಲ್ಲ, ಮತ್ತೆ ಕೆಲಸ ಸಿಗದಿದ್ದರೆ ಎಂಬ ಭಯ. ಹೊಸ ಕಂಪನಿಯ ನೇಮಕ ಪತ್ರವನ್ನು ಕೈಗಿಟ್ಟರೆ ಅರ್ಧ ತಕರಾರು ಮುಗಿಯುತ್ತದೆ. ಬಿಡುವುದಾದರೆ ಬಿಡಿ, ಆದರೆ ಅವಸರ ಬೇಡ. ಕೆಲಸ ಬಿಡುವಾಗ ಕಂಪನಿ ಕೊಡುವ ಇಡಿಗಂಟಾದ ಗ್ರಾಚ್ಯುಟಿಗೆ ಸಾಮಾನ್ಯವಾಗಿ 5 ವರ್ಷಗಳ ನಿರಂತರ ಸೇವೆ ಬೇಕು, ಪ್ರತಿ ವರ್ಷದ ಸೇವೆಗೆ 15 ದಿನಗಳ ವೇತನದಂತೆ ಅದು ಸಿಗುತ್ತದೆ. ಹೊಸಬರು ಕಾಯಲು ಒಪ್ಪಿದರೆ ಐದು ವರ್ಷ ತುಂಬಿದ ಮೇಲೆಯೇ ರಾಜೀನಾಮೆ ಬರೆಯಿರಿ.