26 ಪಂದ್ಯ ಗೆದ್ದ ಜೇಲನ್ ಹರ್ಟ್ಸ್‌ರನ್ನು ಅಲಬಾಮಾ ಕೋಚ್ ಸೇಬನ್ ಬೆಂಚಿಗೆ ಕೂರಿಸಿದ್ದು ಸರಿಯೇ?

ಸರಿ. ಇನ್ನೂ ಮುಂಚೆಯೇ ಕೂರಿಸಬೇಕಿತ್ತು ಅನ್ನುವವರ ಪೈಕಿ ನಾನು. ಆದರೆ ನೀವು ಕೇಳಿದ ಎರಡನೇ ಮಾತು ಇದೆಯಲ್ಲ, ಹರ್ಟ್ಸ್ ಜಾಗಕ್ಕೆ ಟುವಾ ಬಂದಿದ್ದಕ್ಕೆ ರಿಸೀವರ್‌ಗಳು (ಎಸೆದ ಚೆಂಡು ಹಿಡಿಯಲು ಓಡುವವರು) ಬೆಳೆದರೋ ಅಥವಾ ಹೇಗೂ ಬೆಳೆಯಲಿದ್ದ ರಿಸೀವರ್‌ಗಳಿಂದಾಗಿ ಟುವಾ ಹೆಸರು ಮಾಡಿದರೋ ಅಂತ, ಅದು ಅಷ್ಟು ಸುಲಭಕ್ಕೆ ಬಗೆಹರಿಯುವುದಲ್ಲ. ಅಲಬಾಮಾದಲ್ಲಿ ಓದಿ, ಅಲ್ಲೇ ಕೆಲಸಕ್ಕೆ ಸೇರಿದವನು ನಾನು. 2018ರ ಯುಗಾದಿ ಊಟಕ್ಕೆ ಸೇರಿದ್ದ ಕನ್ನಡದ ಮನೆಗಳೂ ಹೋಳಿಗೆಯ ಮುಂದೆ ಹರ್ಟ್ಸ್ ಪಕ್ಷ, ಟುವಾ ಪಕ್ಷ ಅಂತ ಎರಡಾಗಿದ್ದವು.

ವಿಷಯ ಗೊತ್ತಿಲ್ಲದೆ ಓದುತ್ತಿರುವವರಿಗೆ ಸ್ವಲ್ಪ ಹಿನ್ನೆಲೆ. 2018ರ ಜನವರಿ 8, ಅಟ್ಲಾಂಟಾದಲ್ಲಿ ಅಮೆರಿಕನ್ ಫುಟ್‌ಬಾಲ್‌ನ ಕಾಲೇಜು ರಾಷ್ಟ್ರೀಯ ಚಾಂಪಿಯನ್‌ಶಿಪ್, ಅಲಬಾಮಾ ವಿಶ್ವವಿದ್ಯಾಲಯದ ವಿರುದ್ಧ ಜಾರ್ಜಿಯಾ ವಿಶ್ವವಿದ್ಯಾಲಯ. ಅರ್ಧ ಆಟ ಮುಗಿದಾಗ ಅಲಬಾಮಾ 0–13. ಕ್ವಾರ್ಟರ್‌ಬ್ಯಾಕ್, ಅಂದರೆ ಚೆಂಡು ಎಸೆದು ಆಟ ನಡೆಸುವ ಹರ್ಟ್ಸ್ ಎಸೆದ 8 ಪಾಸ್‌ಗಳಲ್ಲಿ 3 ಮಾತ್ರ ಕೈಸೇರಿ 21 ಯಾರ್ಡ್ ಬಂದಿತ್ತು. ಕೋಚ್ ನಿಕ್ ಸೇಬನ್ ಹರ್ಟ್ಸ್‌ರನ್ನು ಕೂರಿಸಿ, ಹವಾಯಿಯಿಂದ ಬಂದಿದ್ದ ಮೊದಲ ವರ್ಷದ ಎಡಗೈ ಹುಡುಗ ಟುವಾ ಟಾಂಗೊವೈಲೊವಾರನ್ನು ಇಳಿಸಿದರು. ಓವರ್‌ಟೈಮ್‌ನಲ್ಲಿ ಅಲಬಾಮಾ 26–23ರಿಂದ ಗೆದ್ದಿತು. ಹರ್ಟ್ಸ್ ಅಭಿಮಾನಿಗಳು ಇಂದಿಗೂ ಹೇಳುವ 26 ಗೆಲುವು, 2 ಸೋಲಿನ ಲೆಕ್ಕದಲ್ಲಿ ಆ ರಾತ್ರಿಯ ಗೆಲುವೂ ಸೇರಿದೆ. ಪಂದ್ಯ ಶುರುಮಾಡಿದವರ ಖಾತೆಗೇ ಗೆಲುವು ಬರೆಯುವುದು ಇಲ್ಲಿನ ಪದ್ಧತಿ. ಆದ್ದರಿಂದ ಈ ವಾದಕ್ಕೆ ಆ ಅಂಕಿಯನ್ನು ತರುವುದೇ ದಂಡ.

ನೋಡಬೇಕಾದ ಅಂಕಿ ಬೇರೆ. 2017ರ ಋತುವಿನಲ್ಲಿ ಹರ್ಟ್ಸ್ ಎಸೆದದ್ದು 17 ಟಚ್‌ಡೌನ್ (ಎದುರಾಳಿಯ ಕೊನೆಗೆರೆ ದಾಟಿಸುವ ಆಟ), ಒಂದೇ ಒಂದು ಇಂಟರ್‌ಸೆಪ್ಷನ್ (ಎದುರಾಳಿ ಕಸಿದ ಪಾಸ್). ಓದಿದ ತಕ್ಷಣ ಎಂಥ ಜೋಪಾನದ ಆಟಗಾರ ಅನ್ನಿಸುತ್ತದೆ, ನಿಜವೂ ಹೌದು. ಈಗ ರಿಸೀವರ್‌ಗಳ ಕಡೆ ಬನ್ನಿ. ಕ್ಯಾಲ್ವಿನ್ ರಿಡ್ಲಿ 63 ಕ್ಯಾಚ್. ಮೊದಲ ವರ್ಷದ ಮೂವರು ಹುಡುಗರಲ್ಲಿ ಜೆರಿ ಜೂಡಿ 14, ಹೆನ್ರಿ ರಗ್ಸ್ 12, ಡಿವಾಂಟಾ ಸ್ಮಿತ್ 8. ಮೂವರದ್ದೂ ಕೂಡಿದರೆ 34. ಮುಂದೆ ಮೂವರೂ ವೃತ್ತಿಪರ ಲೀಗ್ ಎನ್‌ಎಫ್‌ಎಲ್ ಆಟಗಾರರನ್ನು ಆರಿಸುವ ಡ್ರಾಫ್ಟಿನ ಮೊದಲ ಸುತ್ತಿನಲ್ಲೇ ಹೋದವರು. ಹುಡುಗರಿಗೆ ಆಟ ಬರುತ್ತಿರಲಿಲ್ಲ ಅನ್ನುವಂತಿಲ್ಲ, ಚೆಂಡು ಅವರವರೆಗೆ ಬರುತ್ತಿರಲಿಲ್ಲ.

ಯಾಕೆ ಬರುತ್ತಿರಲಿಲ್ಲ ಅನ್ನುವುದೇ ಇಡೀ ಚರ್ಚೆಯ ತಿರುಳು. ರಿಸೀವರ್ ಓಡುವ ದಾರಿ, ಅಂದರೆ ರೂಟ್, ಮೊದಲೇ ನಿಗದಿಯಾಗಿರುತ್ತದೆ. ಹನ್ನೆರಡು ಯಾರ್ಡ್ ಓಡಿ ಒಳಗೆ ತಿರುಗಬೇಕು ಅಂತಿದ್ದರೆ, ತಿರುಗುವ ಮುಂಚೆಯೇ ಚೆಂಡು ಎಸೆದವನ ಕೈ ಬಿಟ್ಟಿರಬೇಕು. ನಮ್ಮೂರ ವಾಲಿಬಾಲ್‌ನಲ್ಲಿ ಒಳ್ಳೆಯ ಲಿಫ್ಟರ್ ಹೊಡೆಯುವವನು ಹಾರುವುದನ್ನು ಕಾದು ಚೆಂಡು ಎತ್ತುವುದಿಲ್ಲ, ಹಾರಿಯೇ ಹಾರುತ್ತಾನೆಂದು ನಂಬಿ ಎತ್ತುತ್ತಾನೆ, ಹಾಗೆ. 2017ರ ಹರ್ಟ್ಸ್ ರಿಸೀವರ್ ಖಾಲಿಯಾಗಿದ್ದನ್ನು, ಅಂದರೆ ಸುತ್ತ ಎದುರಾಳಿ ಇಲ್ಲದ್ದನ್ನು, ಕಣ್ಣಾರೆ ಕಂಡ ಮೇಲೆ ಎಸೆಯುತ್ತಿದ್ದರು. ಮೊದಲು ನೋಡಿದವನು ಖಾಲಿ ಇಲ್ಲದಿದ್ದರೆ ಚೆಂಡು ಹಿಡಿದು ತಾವೇ ಓಡುತ್ತಿದ್ದರು. ಹಾಗೆ ಓಡಿ 855 ಯಾರ್ಡ್ ಗಳಿಸಿದರು, ಅದೇನು ಸಣ್ಣದಲ್ಲ. ಆದರೆ ಆ ಕ್ರಮದಲ್ಲಿ ಮೊದಲು ನೋಡಿಸಿಕೊಳ್ಳುವವನಿಗೆ, ಅಂದರೆ ರಿಡ್ಲಿಗೆ, 63 ಸಿಗುತ್ತದೆ. ಎರಡನೆಯ, ಮೂರನೆಯ ಆಯ್ಕೆಯಾಗಿ ಓಡುವ ಹುಡುಗ ಎಷ್ಟೇ ಚೂಪಾಗಿ ತಿರುಗಿದರೂ ಬರಿಗೈಯಲ್ಲೇ ವಾಪಸು. ಒಂದೇ ಇಂಟರ್‌ಸೆಪ್ಷನ್ ಅನ್ನುವುದರ ಇನ್ನೊಂದು ಮುಖ ಇದು: ಎಸೆಯದ ಚೆಂಡನ್ನು ಯಾರೂ ಕಸಿಯುವುದಿಲ್ಲ.

ಇನ್ನೊಂದು ಸಂಗತಿ ಟಿವಿಯಲ್ಲಿ ಕಾಣುವಂಥದ್ದಲ್ಲ. ಅಭ್ಯಾಸದಲ್ಲಿ ಎರಡನೇ ಕ್ವಾರ್ಟರ್‌ಬ್ಯಾಕ್ ಎಸೆಯುವುದು ಹೆಚ್ಚಾಗಿ ಎರಡನೇ ಸಾಲಿನ ರಿಸೀವರ್‌ಗಳಿಗೆ. ಟುವಾ, ಜೂಡಿ, ರಗ್ಸ್, ಸ್ಮಿತ್ ನಾಲ್ವರೂ ಒಂದೇ ವರ್ಷ ಸೇರಿದವರು. ಯಾರು ಎಲ್ಲಿ ತಿರುಗುತ್ತಾನೆ, ಯಾರ ಕಾಲು ಎಷ್ಟು ಬೇಗ, ಎಲ್ಲವೂ ಟುವಾಗೆ ಆಗಲೇ ರೂಢಿಯಾಗಿತ್ತು. ಅದಕ್ಕೇ ಫೈನಲ್‌ನ ದ್ವಿತೀಯಾರ್ಧದಲ್ಲಿ ಅವರ ಮೊದಲ ಟಚ್‌ಡೌನ್ ಪಾಸ್ ರಗ್ಸ್‌ಗೆ, ಕೊನೆಯದು ಸ್ಮಿತ್‌ಗೆ. ನಡುವಿನದು ಮಾತ್ರ ರಿಡ್ಲಿಗೆ.

ಆ ಕೊನೆಯದನ್ನು ಬಿಡಿಸಿ ಹೇಳಲೇಬೇಕು. ಓವರ್‌ಟೈಮ್‌ನಲ್ಲಿ ಜಾರ್ಜಿಯಾ ಫೀಲ್ಡ್ ಗೋಲ್ ಹೊಡೆದು 23–20 ಮುಂದಿತ್ತು. ಅಲಬಾಮಾದ ಮೊದಲ ಆಟದಲ್ಲೇ ಟುವಾ ಚೆಂಡು ಹಿಡಿದುಕೊಂಡು ಹಿಂದೆ ಹಿಂದೆ ಓಡಿ, ಸ್ಯಾಕ್ ಆಗಿ, ಅಂದರೆ ಎಸೆಯುವ ಮುಂಚೆಯೇ ಎದುರಾಳಿ ಕೈಗೆ ಸಿಕ್ಕಿಬಿದ್ದು, 16 ಯಾರ್ಡ್ ಕಳೆದರು. ಅನುಭವಿ ಹರ್ಟ್ಸ್ ಹೀಗೆ ಮಾಡುತ್ತಿರಲಿಲ್ಲ ಅಂತ ಅವರ ಪಕ್ಷದವರು ಹೇಳಿದರೆ ನಾನು ಒಪ್ಪುತ್ತೇನೆ. ಹೊಸದಾಗಿ ನಾಲ್ಕು ಅವಕಾಶ ಸಿಗಲು ಈಗ ಬೇಕಿದ್ದದ್ದು 26 ಯಾರ್ಡ್. ಮರು ಆಟದಲ್ಲಿ ಟುವಾ ಮೊದಲು ಬಲಗಡೆ ನೋಡಿದರು. ಜಾರ್ಜಿಯಾದ ಸೇಫ್ಟಿ (ಹಿಂದೆ ನಿಂತು ಕಾಯುವ ರಕ್ಷಕ) ಆ ನೋಟಕ್ಕೆ ಸಿಕ್ಕಿ ಅಲ್ಲೇ ಉಳಿದ. ತಕ್ಷಣ ಎಡಕ್ಕೆ ತಿರುಗಿ ಎಸೆದರು, ಗೆರೆಯಂಚಿನಲ್ಲಿ ಓಡುತ್ತಿದ್ದ ಸ್ಮಿತ್ ಕೈಗೆ ಚೆಂಡು, 41 ಯಾರ್ಡ್ ಟಚ್‌ಡೌನ್. ಇಡೀ ವರ್ಷಕ್ಕೆ 8 ಕ್ಯಾಚ್ ಹಿಡಿದಿದ್ದ ಹುಡುಗ! ಇದು ಅದೃಷ್ಟ ಅನ್ನುವವರಿದ್ದಾರೆ. ಎಸೆತದಲ್ಲಿ ಅದೃಷ್ಟ ಇದ್ದಿರಬಹುದು, ಸೇಫ್ಟಿಯನ್ನು ಕಣ್ಣಲ್ಲೇ ಕಟ್ಟಿಹಾಕಿದ್ದರಲ್ಲಿ ಇರಲಿಲ್ಲ.

ಮುಂದಿನ ವರ್ಷ ಟುವಾ 43 ಟಚ್‌ಡೌನ್ ಎಸೆದರು. ಜೂಡಿ 68 ಕ್ಯಾಚ್ ಹಿಡಿದು ಅತ್ಯುತ್ತಮ ರಿಸೀವರ್‌ಗೆ ಕೊಡುವ ಬಿಲೆಟ್ನಿಕಾಫ್ ಪ್ರಶಸ್ತಿ ಪಡೆದರು. ನನಗೆ ಅದಕ್ಕಿಂತ ಮುಖ್ಯ ಅನ್ನಿಸುವುದು ಉಳಿದವರ ಲೆಕ್ಕ: ರಗ್ಸ್ 46, ಹೊಸದಾಗಿ ಬಂದ ಜೇಲನ್ ವಾಡಲ್ 45, ಸ್ಮಿತ್ 42. ಹಂಚಿಕೆ ಅಂದರೆ ಇದು.

ಇಷ್ಟು ಹೇಳಿದ ಮೇಲೆ, ರಿಸೀವರ್‌ಗಳು ಹೇಗೂ ಬೆಳೆಯಲಿದ್ದರು ಅನ್ನುವ ವಾದಕ್ಕೆ ನಾನೇ ಬಲ ಕೊಡಬೇಕಾಗಿದೆ. ಎರಡನೇ ವರ್ಷಕ್ಕೆ ಹುಡುಗರು ಹೇಗೂ ಬಲಿಯುತ್ತಾರೆ, ಅದನ್ನೆಲ್ಲ ಟುವಾ ಖಾತೆಗೆ ಬರೆಯುವುದು ಅನ್ಯಾಯ. 2019ರ ನವೆಂಬರಿನಲ್ಲಿ ಟುವಾ ಸೊಂಟ ಮುರಿದುಕೊಂಡಾಗ ಜಾಗಕ್ಕೆ ಬಂದ ಮ್ಯಾಕ್ ಜೋನ್ಸ್ ಬಗ್ಗೆ ಯಾರಿಗೂ ದೊಡ್ಡ ನಿರೀಕ್ಷೆ ಇರಲಿಲ್ಲ. 2020ರಲ್ಲಿ ಅವರು ನೂರಕ್ಕೆ 77 ಪಾಸ್ ಗುರಿ ಮುಟ್ಟಿಸಿದರು, ತಂಡ ಒಂದೂ ಪಂದ್ಯ ಸೋಲಲಿಲ್ಲ. ಅಷ್ಟು ಹೊತ್ತಿಗೆ ಸ್ಮಿತ್ ನಾಲ್ಕನೇ ವರ್ಷದ ಪಕ್ವ ಆಟಗಾರ, 117 ಕ್ಯಾಚ್ ಹಿಡಿದು, ವರ್ಷದ ಶ್ರೇಷ್ಠ ಕಾಲೇಜು ಆಟಗಾರನಿಗೆ ಕೊಡುವ ಹೈಸ್ಮನ್ ಟ್ರೋಫಿಯನ್ನೇ ಎತ್ತಿದರು. 1991ರ ನಂತರ ರಿಸೀವರ್ ಒಬ್ಬರಿಗೆ ಅದು ಸಿಕ್ಕಿದ್ದು ಅದೇ ಮೊದಲು. ಆ ವರ್ಷ ಕ್ವಾರ್ಟರ್‌ಬ್ಯಾಕ್‌ನನ್ನು ರಿಸೀವರ್ ಬೆಳೆಸಿದ ಅಂತ ಧಾರಾಳವಾಗಿ ಹೇಳಬಹುದು. ಇದರ ತಿರುವುಮುರುವು ಬೇಕಿದ್ದರೆ 2022ರ ಜನವರಿಯ ಫೈನಲ್ ನೋಡಿ. ಹೈಸ್ಮನ್ ಗೆದ್ದು ಬಂದಿದ್ದ ಬ್ರೈಸ್ ಯಂಗ್ ಇದ್ದರು, ಆದರೆ ಜಾನ್ ಮೆಚಿ ಮೊದಲೇ ಗಾಯಗೊಂಡು ಹೊರಗೆ, ಪಂದ್ಯದ ನಡುವೆ ಜೇಮ್ಸನ್ ವಿಲಿಯಮ್ಸ್ ಮೊಣಕಾಲೂ ಹೋಯಿತು. ಉಳಿದ ಎಳೆಯ ರಿಸೀವರ್‌ಗಳ ಜೊತೆ ಹೊಂದಾಣಿಕೆ ಕೂಡಿಬರಲಿಲ್ಲ. ಜಾರ್ಜಿಯಾ 33–18.

ಹರ್ಟ್ಸ್‌ಗೆ ಎಸೆಯಲು ಬರುವುದೇ ಇಲ್ಲ ಅಂತ ಯುಗಾದಿ ಊಟದಲ್ಲಿ ಒಬ್ಬರು ತೀರ್ಪು ಕೊಟ್ಟಿದ್ದರು. ಅದಂತೂ ಸುಳ್ಳಾಯಿತು. 2018ರಲ್ಲಿ ಅವರು ಬೇರೆ ಕಾಲೇಜಿಗೆ ಹೋಗಲಿಲ್ಲ, ಬೆಂಚಿನಲ್ಲಿದ್ದೇ ಕಲಿತರು. ಡಿಸೆಂಬರ್ 1ರ ಎಸ್‌ಇಸಿ (ಅಲಬಾಮಾ, ಜಾರ್ಜಿಯಾ ಎರಡೂ ಆಡುವ ಕಾಲೇಜುಗಳ ಲೀಗ್) ಫೈನಲ್‌ನಲ್ಲಿ ಟುವಾ ಕಾಲುಳುಕಿ ಹೊರನಡೆದಾಗ ಅಲಬಾಮಾ ಅದೇ ಜಾರ್ಜಿಯಾ ಎದುರು 21–28 ಹಿಂದಿತ್ತು. ಹರ್ಟ್ಸ್ ಬಂದು ಜೂಡಿಗೆ ಟಚ್‌ಡೌನ್ ಎಸೆದು ಸಮ ಮಾಡಿದರು, ಆಮೇಲೆ ತಾವೇ ಓಡಿ ಗೆಲ್ಲಿಸಿದರು. ಮುಂದೆ ಓಕ್ಲಹೋಮಾದಲ್ಲಿ ಹೈಸ್ಮನ್ ಮತದಾನದಲ್ಲಿ ಎರಡನೇ ಸ್ಥಾನ, 2025ರ ಸೂಪರ್ ಬೌಲ್‌ನಲ್ಲಿ, ಅಂದರೆ ಎನ್‌ಎಫ್‌ಎಲ್ ಫೈನಲ್‌ನಲ್ಲಿ, ಶ್ರೇಷ್ಠ ಆಟಗಾರ. ಆ ಸೂಪರ್ ಬೌಲ್‌ನಲ್ಲಿ ಅವರ 46 ಯಾರ್ಡ್ ಟಚ್‌ಡೌನ್ ಪಾಸ್ ಹಿಡಿದದ್ದು ಇದೇ ಡಿವಾಂಟಾ ಸ್ಮಿತ್. ಅಂದರೆ 2017ರಲ್ಲಿ ಇಬ್ಬರಲ್ಲೂ ಶಕ್ತಿ ಇತ್ತು, ಆ ಹೊತ್ತಿಗೆ ಜೋಡಿ ಕೂಡಿರಲಿಲ್ಲ.

ಸೇಬನ್ ಮೇಲೆ ನನ್ನ ತಕರಾರು ಇರುವುದು ಬೆಂಚಿಗೆ ಕೂರಿಸಿದ್ದಕ್ಕಲ್ಲ, 2018ರ ಬೇಸಿಗೆಯಿಡೀ ಯಾರು ಆಡುತ್ತಾರೆಂದು ಬಾಯಿ ಬಿಡದೆ ಎಳೆದಾಡಿದ್ದಕ್ಕೆ. ಮೊದಲ ಪಂದ್ಯದವರೆಗೂ ಹೆಸರು ಹೇಳಲಿಲ್ಲ. ಆಗಸ್ಟ್ ತಿಂಗಳ ಒಂದೊಂದು ಅಭ್ಯಾಸವನ್ನೂ ಇಬ್ಬರಿಗೆ ಪಾಲು ಮಾಡಿದರೆ ರಿಸೀವರ್‌ಗೆ ಎರಡು ಬೇರೆ ಕೈಗಳ ವೇಗ ಕಲಿಯುವ ಕೆಲಸ, ಅದರಲ್ಲೂ ಒಂದು ಎಡಗೈ, ಚೆಂಡು ತಿರುಗುವ ದಿಕ್ಕೇ ಬೇರೆ. ಸೇಬನ್ ತಂಡದಲ್ಲಿ ಪ್ರತಿಭೆ ತುಂಬಿ ತುಳುಕುತ್ತಿತ್ತು, ನಡೆದುಹೋಯಿತು. ಸಾಧಾರಣ ತಂಡದ ಕೋಚ್ ಇದನ್ನು ನಕಲು ಮಾಡಿದರೆ ಅಕ್ಟೋಬರ್ ಹೊತ್ತಿಗೆ ಇಬ್ಬರು ಅರೆಬೆಂದ ಕ್ವಾರ್ಟರ್‌ಬ್ಯಾಕ್‌ಗಳೂ ನಾಲ್ವರು ಗೊಂದಲಗೊಂಡ ರಿಸೀವರ್‌ಗಳೂ ಉಳಿಯುತ್ತಾರೆ.