ಮಷಿನ್ ಮಾರುವ ಮೊದಲು

ಗದಗ-ಬೆಟಗೇರಿಯ ಮುದ್ರಕರೊಬ್ಬರು ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದಿದ್ದಾರೆ.

"ಕಳೆದ ಸಂಚಿಕೆಯಲ್ಲಿ ಹುಬ್ಬಳ್ಳಿಯ ಸ್ಟಾರ್ಟಪ್ ಹುಡುಗರನ್ನು ಬಾಯ್ತುಂಬ ಹೊಗಳಿದ್ದೀರಿ. ಸ್ಟಾರ್ಟಪ್‌ಗಳಿಂದ ಪೆಟ್ಟು ತಿಂದವರ ಬಗ್ಗೆ ಒಂದು ಸಾಲೂ ಇಲ್ಲ. ನಮ್ಮ ತಂದೆ ಕಾಲಲ್ಲಿ ತುಳಿಯುವ ಟ್ರೆಡಲ್ ಮಷಿನ್ ಇಟ್ಟು ಕಟ್ಟಿದ ಪ್ರೆಸ್ ಇದು. ಈಗ ವಿಸಿಟಿಂಗ್ ಕಾರ್ಡ್ ಆನ್‌ಲೈನ್‌ನಲ್ಲಿ ಆಗುತ್ತದೆ, ಲಗ್ನಪತ್ರಿಕೆ ವಾಟ್ಸ್ಆ್ಯಪ್‌ನಲ್ಲಿ ಹೋಗುತ್ತದೆ, ಬಿಲ್ ಬುಕ್ ಕೇಳುವವರೇ ಇಲ್ಲ. ಪುಣೆಯಲ್ಲಿರುವ ಮಗ 'ಮಷಿನ್ ಮಾರಿ ಸುಮ್ನೆ ಕೂಡ್ರಿ' ಅಂತಾನೆ. ನಮ್ಮಂಥವರಿಗೆ ದಾರಿ ಇದೆಯೋ ಇಲ್ಲವೋ, ನೇರವಾಗಿ ಹೇಳಿ."

ಸಂಪಾದಕರ ಉತ್ತರ:

ಮಾನ್ಯರೇ, ನಮಸ್ಕಾರ.

ನೇರವಾಗಿಯೇ ಹೇಳುತ್ತೇನೆ. ನೀವು ಮೂರು ನಷ್ಟಗಳನ್ನು ಒಂದೇ ಉಸಿರಿನಲ್ಲಿ ಬರೆದಿದ್ದೀರಿ. ಮೂರಕ್ಕೂ ಕಾರಣ ಬೇರೆ ಬೇರೆ. ಮೊದಲು ಅವನ್ನು ಬಿಡಿಸಿ ನೋಡಬೇಕು.

ಬಿಲ್ ಬುಕ್ಕನ್ನು ಯಾವ ಸ್ಟಾರ್ಟಪ್ಪೂ ಕಸಿಯಲಿಲ್ಲ. 2017ರ ಜುಲೈನಲ್ಲಿ ಜಿಎಸ್‌ಟಿ ಬಂತು, ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಹೊಕ್ಕಿತು. ವರ್ಷಕ್ಕೆ 5 ಕೋಟಿ ರೂಪಾಯಿ ದಾಟಿದ ವಹಿವಾಟಿನವರು 2023ರ ಆಗಸ್ಟ್‌ನಿಂದ ಬೇರೆ ವ್ಯಾಪಾರಿಗೆ ಮಾಲು ಮಾರಿದರೆ ಇ-ಇನ್‌ವಾಯ್ಸ್ (ಸರಕಾರಿ ಪೋರ್ಟಲ್‌ನಲ್ಲಿ ದಾಖಲಿಸುವ ಬಿಲ್) ಮಾಡಲೇಬೇಕು. ಆ ಕೆಲಸ ಮರಳಿ ಬರುವುದಿಲ್ಲ. ಅದಕ್ಕಾಗಿ ಇಟ್ಟುಕೊಂಡ, ಬಿಲ್ಲಿಗೆ ಕ್ರಮಸಂಖ್ಯೆ ಒತ್ತುವ ನಂಬರಿಂಗ್ ಮಷಿನ್ ಮೂಲೆಯಲ್ಲಿ ಕೂತಿದ್ದರೆ ಮಾರಿಬಿಡಿ. ಇಷ್ಟರ ಮಟ್ಟಿಗೆ ನಿಮ್ಮ ಮಗ ಹೇಳುವುದು ಸರಿ.

ವಿಸಿಟಿಂಗ್ ಕಾರ್ಡಿನ ಕಥೆ ಹಾಗಲ್ಲ. ನಾಲ್ಕು ಬಣ್ಣದ ಆಫ್‌ಸೆಟ್ ಕೆಲಸಕ್ಕೆ ನಾಲ್ಕು ಪ್ಲೇಟ್, ಅಂದರೆ ಬಣ್ಣಕ್ಕೊಂದರಂತೆ ಅಚ್ಚಿನ ತಗಡು ಬೇಕು. ಬಣ್ಣದ ಮೇಲೆ ಬಣ್ಣ ಸರಿಯಾಗಿ ಕೂರುವ ತನಕ ಎಷ್ಟೋ ಹಾಳೆ ರದ್ದಿಗೆ ಹೋಗುತ್ತವೆ. ನೂರು ಕಾರ್ಡಿಗೂ ಇದೇ ತಯಾರಿ, ಸಾವಿರಕ್ಕೂ ಇದೇ. ಅದಕ್ಕೇ ಊರೂರಿನ ಪ್ರೆಸ್‌ಗಳು "ಕಡಿಮೆ ಅಂದ್ರೂ ಸಾವಿರ ಮಾಡಿಸಬೇಕು" ಎಂದವು. ತಪ್ಪೇನಿಲ್ಲ, ಲೆಕ್ಕ ಹಾಗಿತ್ತು. ಆದರೆ ನೂರೇ ಕಾರ್ಡು ಬೇಕಾದ ಟೈಲರ್, ಟ್ಯೂಷನ್ ಮೇಷ್ಟ್ರು, ಹೊಸ ವಕೀಲ ಬರಿಗೈಲಿ ಹೋದರು.

ವಿಸ್ಟಾಪ್ರಿಂಟ್ ಹಿಡಿದದ್ದು ಇವರನ್ನೇ. 1995ರಲ್ಲಿ ಪ್ಯಾರಿಸ್‌ನಲ್ಲಿ ಶುರುವಾದ, ಈಗ ಆನ್‌ಲೈನ್‌ನಲ್ಲಿ ಆರ್ಡರು ತೆಗೆದುಕೊಂಡು ಅಚ್ಚು ಹಾಕುವ ಕಂಪನಿ ಅದು. ಹತ್ತಾರು ಗಿರಾಕಿಗಳ ಕಾರ್ಡುಗಳನ್ನು ಒಂದೇ ದೊಡ್ಡ ಹಾಳೆಯಲ್ಲಿ ಜೋಡಿಸಿ ಒಟ್ಟಿಗೆ ಅಚ್ಚು ಹಾಕಿತು. ಪ್ಲೇಟಿನ ಖರ್ಚು ಎಲ್ಲರ ಮೇಲೂ ಹಂಚಿಹೋಯಿತು. ಡಿಸೈನ್ ಕೆಲಸವನ್ನು ಗಿರಾಕಿಗೇ ಬಿಟ್ಟಿತು, ಡಿಟಿಪಿ (ಕಂಪ್ಯೂಟರಿನಲ್ಲಿ ಅಕ್ಷರ, ಪುಟ ಜೋಡಿಸುವ) ಖರ್ಚೂ ಉಳಿಯಿತು. ಗಮನಿಸಿ, ಅಚ್ಚು ಹಾಕುವ ವಿದ್ಯೆ ಹೊಸದೇನಲ್ಲ, ನಿಮ್ಮ ಆಫ್‌ಸೆಟ್ಟೇ. ತಮಿಳುನಾಡಿನ ಮುದ್ರಣದ ಊರು ಶಿವಕಾಶಿಗೆ ಫೈಲ್ ಕಳಿಸಿ ಕಾರ್ಡು ತರಿಸುವ ನಮ್ಮ ಕಡೆಯ ಅಂಗಡಿಗಳಿಗೂ ಈ ಉಪಾಯ ಗೊತ್ತು. ಆಮೇಲೆ 2013ರಲ್ಲಿ ಆಸ್ಟ್ರೇಲಿಯಾದಿಂದ ಬಂದ ಕ್ಯಾನ್ವಾ ಎಂಬ ಆನ್‌ಲೈನ್ ಡಿಸೈನ್ ಸಾಧನವು ಕೋರೆಲ್ ಡ್ರಾದಂಥ ಸಾಫ್ಟ್‌ವೇರ್ ಬಾರದವರ ಕೈಗೂ ಡಿಸೈನ್ ಕೊಟ್ಟಿತು. ಅದೂ ಹಾಗೇ. ಡಿಸೈನರ್ ಬಳಿ ಹೋಗಲು ಹಣವಿಲ್ಲದವರೇ ಅದರತ್ತ ಓಡಿದರು. ಹೊಸಬರು ಹೆಚ್ಚಾಗಿ ನುಗ್ಗುವುದು ಹೀಗೆ. ಮೊದಲು ನಿಮ್ಮ ದೊಡ್ಡ ಗಿರಾಕಿಯ ತಂಟೆಗೆ ಬರುವುದಿಲ್ಲ, ನಿಮಗೆ ಬೇಡವಾದವರನ್ನು ಕರೆದುಕೊಳ್ಳುತ್ತಾರೆ. ಅಲ್ಲಿ ಕೈ ಪಳಗಿದ ಮೇಲೆ ಕಾಲೇಜಿನ ಆರ್ಡರು, ಬ್ಯಾಂಕಿನ ಆರ್ಡರು.

"ಅವರು ಹೂಡಿಕೆದಾರರ ದುಡ್ಡು ಸುಡುತ್ತಿದ್ದಾರೆ, ಮುಗಿದ ಮೇಲೆ ತಾವೇ ಬೀಳುತ್ತಾರೆ" ಎಂದು ಕೆಲವರು ಕಾಯುತ್ತಾರೆ. ಬೀಳಬಹುದು. ಆದರೂ ಹಳೆಯ ದರ ವಾಪಸು ಬರುವುದಿಲ್ಲ. 2003ರಲ್ಲಿ ಹಾರಿದ ಅಗ್ಗದ ವಿಮಾನ ಕಂಪನಿ ಏರ್ ಡೆಕ್ಕನ್, ರೈಲು ಬಸ್ಸಿನಲ್ಲಿ ಹೋಗುತ್ತಿದ್ದವರನ್ನು ವಿಮಾನ ಹತ್ತಿಸಿತು. ಐದು ವರ್ಷದಲ್ಲಿ ಕಿಂಗ್‌ಫಿಷರ್ ಜೊತೆ ಸೇರಿ ತನ್ನ ಹೆಸರನ್ನೇ ಕಳೆದುಕೊಂಡಿತು. ಅಗ್ಗದ ಟಿಕೆಟ್‌ನ ರುಚಿ ಕಂಡ ಜನ ಮಾತ್ರ ಹಿಂದೆ ಹೋಗಲಿಲ್ಲ. ಇಂಡಿಗೋ ಅವರನ್ನು ಹತ್ತಿಸಿಕೊಂಡಿತು.

ಇನ್ನು ಲಗ್ನಪತ್ರಿಕೆ. ನನಗೆ ಆಸೆ ಇರುವುದು ಇಲ್ಲೇ. ಮದುವೆಯ ಸುದ್ದಿ ಮುಟ್ಟಿಸುವ ಕೆಲಸ ಫೋನಿಗೆ ಹೋಯಿತು, ನಿಜ. ಆದರೆ ದೇವರ ಮುಂದೆ ಇಡಲು, ಅರಿಷಿಣ ಕುಂಕುಮ ಹಚ್ಚಿ ಸೋದರಮಾವನ ಮನೆಗೆ ಕೊಡಲು ಕಾಗದವೇ ಬೇಕು. ಐದುನೂರು ಪತ್ರಿಕೆ ನೂರಕ್ಕೆ ಇಳಿಯಬಹುದು. ಆ ನೂರಕ್ಕೆ ಮನೆಯವರು ಜಾಸ್ತಿ ದುಡ್ಡು ಕೊಡಲು ತಯಾರಿರುತ್ತಾರೆ. ಯಾರ ಹೆಸರು ಮೇಲೆ, ಯಾರದು ಕೆಳಗೆ, "ಸುಖಾಗಮನ ಬಯಸುವವರು" ಪಟ್ಟಿಯಲ್ಲಿ ಯಾರನ್ನು ಬಿಟ್ಟರೆ ಮದುವೆ ಮನೆಯಲ್ಲಿ ಜಗಳ ಎಂಬುದು ಟೆಂಪ್ಲೇಟಿಗೆ ತಿಳಿಯದು. ನಿಮ್ಮ ಕಂಪೋಸಿಂಗ್ ಹುಡುಗನಿಗೆ ತಿಳಿದಿದೆ. ಒತ್ತಕ್ಷರ ಒಡೆದ ಪತ್ರಿಕೆಯನ್ನು ಅವನು ಹೊರಗೆ ಬಿಡುವುದಿಲ್ಲ, ಅಲ್ವಾ?

ಹಾಗಾದರೆ ಏನು ಮಾಡಬೇಕು? ಆ್ಯಪ್ ಮಾಡಿಸಲು ಹೋಗಬೇಡಿ. ದರದಲ್ಲಿ ಸೆಣಸಲು ಸಾಲ ಮಾಡಿ ಇನ್ನೊಂದು ದೊಡ್ಡ ಆಫ್‌ಸೆಟ್ ತರುವುದಂತೂ ಬೇಡವೇ ಬೇಡ. ನೂರು ಪ್ರತಿಯ ಕೆಲಸಕ್ಕೆ ಪ್ಲೇಟ್ ಬೇಡದ ಡಿಜಿಟಲ್ ಮಷಿನ್ ಸಾಕು. ಪ್ರತಿಗೆ ಖರ್ಚು ಹೆಚ್ಚು, ಆದರೆ ತಯಾರಿಯ ಖರ್ಚು ಬಹಳ ಕಡಿಮೆ. ಒಬ್ಬರಿಗೆ ಕೊಳ್ಳುವುದು ಕಷ್ಟವಾದರೆ ನಾಲ್ಕು ಪ್ರೆಸ್‌ನವರು ಸೇರಿ ಕೊಳ್ಳಿ. 1905ರಲ್ಲೇ ಸಿದ್ಧನಗೌಡ ಪಾಟೀಲರು ಕಣಗಿನಹಾಳದಲ್ಲಿ ಸಹಕಾರಿ ಸಂಘ ಕಟ್ಟಿದ ತಾಲೂಕು ನಿಮ್ಮದು. ಗದಗಿನವರಿಗೆ ಸಹಕಾರದ ಪಾಠ ನಾನು ಹೇಳಬೇಕೇ! ಮುದ್ರಕರು ಒಬ್ಬರ ದರ ಒಬ್ಬರಿಗೆ ಹೇಳದವರು, ಗೊತ್ತು. ಮಷಿನ್ ಹಂಚಿಕೊಳ್ಳಲು ದರ ಹೇಳಬೇಕಾಗಿಲ್ಲ.

ಒಂದು ಎಚ್ಚರಿಕೆ. ಈ ಸಣ್ಣ ಕೆಲಸಕ್ಕೆ ಬೇರೆ ಕೌಂಟರ್, ಬೇರೆ ಲೆಕ್ಕ, ಬೇರೆ ಮನುಷ್ಯ ಇರಲಿ. ಆಫ್‌ಸೆಟ್ ನೋಡುವವರ ಕೈಗೇ ಕೊಟ್ಟರೆ ನೂರು ಪ್ರತಿಯ ಆರ್ಡರು ಯಾವಾಗಲೂ ಸಾಲಿನ ಕೊನೆಗೇ ಬೀಳುತ್ತದೆ. ಕೊಡಾಕ್ ಕಂಪನಿಯಲ್ಲಿ ಸ್ಟೀವನ್ ಸ್ಯಾಸನ್ ಎಂಬ ಎಂಜಿನಿಯರ್ 1975ರಲ್ಲೇ ಡಿಜಿಟಲ್ ಕ್ಯಾಮೆರಾ ಮಾಡಿ ತೋರಿಸಿದ್ದರು. ಆದರೆ ಕಂಪನಿಗೆ ಲಾಭ ತರುತ್ತಿದ್ದದ್ದು ಫಿಲ್ಮ್. ಹೊಸದು ಹಿಂದೆ ಉಳಿಯಿತು, 2012ರಲ್ಲಿ ಕಂಪನಿ ದಿವಾಳಿ ಅರ್ಜಿ ಹಾಕಿತು. ತಮಾಷೆ ಎಂದರೆ, ಮರುವರ್ಷ ಅದರಿಂದ ಹೊರಬಂದ ಕೊಡಾಕ್‌ನ ಆದಾಯದ ದೊಡ್ಡ ಪಾಲು ಈಗ ಬರುವುದು ನಿಮ್ಮಂಥ ಮುದ್ರಕರಿಗೆ ಪ್ಲೇಟ್ ಮುಂತಾದ ಮುದ್ರಣ ಸಾಮಗ್ರಿ ಮಾರಿ.

ಆಫ್‌ಸೆಟ್ ಮಷಿನ್ ಈಗಲೇ ಮಾರಬೇಡಿ. ಪುಸ್ತಕ, ಶಾಲೆಯ ನೋಟ್‌ಬುಕ್, ಜಾತ್ರೆಯ ಪೋಸ್ಟರ್ ಬರುತ್ತಿರುವ ತನಕ ಅದು ತನ್ನ ಖರ್ಚು ತಾನು ಹುಟ್ಟಿಸುತ್ತದೆ. ಕೌಂಟರ್‌ನಲ್ಲಿ ಒಂದು ವಹಿ ಇಡಿ. "ಇಷ್ಟು ಕಡಿಮೆ ಆಗಲ್ಲ" ಎಂದು ವಾಪಸು ಕಳಿಸಿದ ಪ್ರತಿಯೊಬ್ಬರ ಕೆಲಸವನ್ನೂ ಬರೆಯಿರಿ. ಏನು ಬೇಕಿತ್ತು, ಎಷ್ಟು ಬೇಕಿತ್ತು, ಯಾವಾಗ ಬೇಕಿತ್ತು. ಲಗ್ನದ ಸುಗ್ಗಿ ಮುಗಿದ ಮೇಲೆ ಮಗನನ್ನು ಕರೆಸಿ ಆ ವಹಿ ತೋರಿಸಿ. ಡಿಜಿಟಲ್ ಮಷಿನ್‌ಗೆ ಸಾಕಾಗುವಷ್ಟು ಕೆಲಸ ಅದರಲ್ಲಿ ಕಂಡರೆ ಲೆಕ್ಕ ಹಾಕಲು ಅವನೇ ಕೂರುತ್ತಾನೆ. ಕಾಣದಿದ್ದರೆ ಆಫ್‌ಸೆಟ್ ಮಾರುವ ಮಾತನ್ನೂ ಅವತ್ತೇ ಆಡಿ.