ಕೆ. ಗುಡಿಯೋ, ಕಬಿನಿಯೋ? ಮನೆಮಂದಿಯೊಂದಿಗೆ ಕಾಡಿನಲ್ಲಿ ಎರಡು ರಾತ್ರಿ ತಂಗಲು ಯಾವುದು ಸರಿ?

ನಿಮ್ಮ ಪ್ರಶ್ನೆಯನ್ನು ನಾನು ಅರ್ಥಮಾಡಿಕೊಂಡದ್ದು ಹೀಗೆ: ಬಿಳಿಗಿರಿರಂಗನ ಬೆಟ್ಟದ ಕಾಡಿನಲ್ಲಿರುವ ಕ್ಯಾತದೇವರಗುಡಿಯ, ಅಂದರೆ ಎಲ್ಲರೂ ಕೆ. ಗುಡಿ ಎಂದು ಕರೆಯುವ ಜಾಗದ ಸರ್ಕಾರಿ ಸಂಸ್ಥೆಯಾದ ಜಂಗಲ್ ಲಾಡ್ಜಸ್‌ನ ಶಿಬಿರದಲ್ಲಿ, ವಯಸ್ಸಾದ ತಾಯಿ ಮತ್ತು ಏಳು ವರ್ಷದ ಮಗಳೊಂದಿಗೆ ಎರಡು ರಾತ್ರಿ ಉಳಿಯುವ ಯೋಚನೆಯಲ್ಲಿದ್ದೀರಿ. ಅಲ್ಲಿ ಟೀವಿ ಇಲ್ಲ, ಫೋನ್ ಸಿಗುವುದಿಲ್ಲ, ಮಲಗುವುದು ಟೆಂಟಿನಲ್ಲಿ ಎಂದು ತಿಳಿದು ಮನೆಯವರು ಹಿಂದೆಮುಂದೆ ನೋಡುತ್ತಿದ್ದಾರೆ. ಸ್ನೇಹಿತರಂತೂ ‘ಹುಲಿ ನೋಡಬೇಕಾದರೆ ಕಬಿನಿಗೆ ಹೋಗಿ’ ಎನ್ನುತ್ತಿದ್ದಾರೆ. ಎರಡೂ ಕಡೆ ತಂಗಿದ ಅನುಭವದ ಮೇಲೆ ನಾನು ಹೇಳಬಹುದಾದದ್ದು ಇಷ್ಟು: ಪ್ರಾಣಿಗಳನ್ನು ನೋಡುವುದೇ ಪ್ರಯಾಣದ ಉದ್ದೇಶವಾದರೆ ನಿಮ್ಮ ಸ್ನೇಹಿತರ ಮಾತು ಸರಿ; ಕಾಡಿನೊಳಗೆ ಇರುವುದೇ ಉದ್ದೇಶವಾದರೆ ಕೆ. ಗುಡಿಯನ್ನು ಬಿಡಬೇಡಿ. ನೀವು ಪ್ರಶ್ನೆಯಲ್ಲಿ ‘ತಂಗಲು’ ಎಂದೇ ಕೇಳಿರುವುದರಿಂದ ನನ್ನ ಮತ ಕೆ. ಗುಡಿಗೆ.

ಕಬಿನಿಯಲ್ಲಿ ಪ್ರಾಣಿಗಳು ಹೆಚ್ಚು ಕಾಣುವುದು ಅದೃಷ್ಟದಿಂದಲ್ಲ, ನೆಲದ ಸ್ವಭಾವದಿಂದ. ಬೀಚನಹಳ್ಳಿಯಲ್ಲಿ ಕಬಿನಿ ನದಿಯ ಅಣೆಕಟ್ಟು 1974ರಲ್ಲಿ ಮುಗಿದ ಮೇಲೆ ಬಂಡೀಪುರ ಮತ್ತು ನಾಗರಹೊಳೆಯ ಕಾಡುಗಳ ನಡುವೆ ಹಿನ್ನೀರು ಹರಡಿಕೊಂಡಿತು. ಬೇಸಿಗೆಯಲ್ಲಿ ಉಳಿದೆಡೆಯ ಕೆರೆಕಟ್ಟೆಗಳು ಬತ್ತುವ ಹೊತ್ತಿಗೆ ಈ ಹಿನ್ನೀರೂ ಇಳಿಯುತ್ತದೆ, ಇಳಿದ ನೆಲದಲ್ಲಿ ಎಳೆಯ ಹುಲ್ಲು ಚಿಗುರುತ್ತದೆ, ಮಾರ್ಚಿನಿಂದ ಮಳೆ ಹಿಡಿಯುವವರೆಗೆ ಸುತ್ತಲಿನ ಆನೆಗಳೆಲ್ಲ ಅಲ್ಲಿಗೇ ಬಂದು ಸೇರುತ್ತವೆ. ಏಷ್ಯಾದ ಆನೆಗಳು ಇಷ್ಟು ದೊಡ್ಡ ಸಂಖ್ಯೆಯಲ್ಲಿ ಒಂದೆಡೆ ಕೂಡುವ ಜಾಗಗಳು ಬಹಳ ಕಡಿಮೆ. ಅದರ ಜೊತೆಗೆ ನಾಗರಹೊಳೆಯ ಕಾಡಿನ ನಡುನಡುವೆ ಹಡ್ಲುಗಳಿವೆ. ಮರಗಳಿಲ್ಲದ, ಜೌಗು ನೆಲದ ಈ ಹುಲ್ಲುಬಯಲುಗಳಲ್ಲಿ ಕಾಟಿಯಾಗಲಿ ಜಿಂಕೆಯಾಗಲಿ ಮೇಯಲು ಬಂದರೆ ಅಡ್ಡವಾಗುವಂಥದ್ದು ಏನೂ ಇರುವುದಿಲ್ಲ. ಆದರೆ ಕಬಿನಿಯ ಹೆಚ್ಚಿನ ವಸತಿಗಳು ಕಾಡಿನ ಅಂಚಿನಲ್ಲಿ, ಊರಿನ ಮಗ್ಗುಲಲ್ಲಿವೆ. ಜೀಪಿನಲ್ಲಿ ಒಳಗೆ ಹೋಗುತ್ತೀರಿ, ನೋಡುತ್ತೀರಿ, ಹೊರಗೆ ಬಂದು ಊಟ ಮಾಡಿ ಮಲಗುತ್ತೀರಿ. ಅದರಲ್ಲಿ ತಪ್ಪೇನೂ ಇಲ್ಲ.

ಬಿಳಿಗಿರಿಯ ಕಾಡು ಬೇರೆಯೇ ಬಗೆಯದು. ಪಶ್ಚಿಮ ಘಟ್ಟ ಮತ್ತು ಪೂರ್ವ ಘಟ್ಟಗಳು ಕೂಡುವ ಜಾಗದಲ್ಲಿರುವುದರಿಂದ ಇದು ಏರಿಳಿತದ ನೆಲ. ತಪ್ಪಲಿನಲ್ಲಿ ಕುರುಚಲು, ನಡುವೆ ಎಲೆ ಉದುರುವ ಕಾಡು, ಮೇಲೆ ಹೋದಂತೆ ಶೋಲ, ಅಂದರೆ ಕಣಿವೆಗಳ ನಿತ್ಯಹಸಿರು ಕಾಡು, ಮತ್ತು ಹುಲ್ಲುಗಾವಲು. ಇಲ್ಲಿ ಹುಲಿ ಇದೆ, ಚಿರತೆ ಇದೆ, ಸೀಳುನಾಯಿಗಳ ಗುಂಪುಗಳಿವೆ, ಕರಡಿ, ಆನೆ, ಕಾಟಿ, ಕಡವೆ ಎಲ್ಲವೂ ಇವೆ. 2011ರಲ್ಲಿ ಇದನ್ನು ಹುಲಿ ಸಂರಕ್ಷಿತ ಪ್ರದೇಶವೆಂದು ಘೋಷಿಸಿದ್ದೂ ಆಗಿದೆ. ಆದರೆ ಹುಲಿ ಇರುವುದು ಬೇರೆ, ಕಾಣುವುದು ಬೇರೆ. 2022ರ ಗಣತಿಯ ಅಂದಾಜಿನಂತೆ ಕರ್ನಾಟಕದಲ್ಲಿ 563 ಹುಲಿಗಳಿದ್ದರೂ, ಇಳಿಜಾರು ಮತ್ತು ದಟ್ಟ ಪೊದೆಗಳ ನಡುವೆ ಓಡಾಡುವ ಹುಲಿ ರಸ್ತೆಯಿಂದ ಹತ್ತು ಮಾರು ದೂರದಲ್ಲಿ ಮಲಗಿದ್ದರೂ ನಿಮಗೆ ಗೊತ್ತಾಗುವುದಿಲ್ಲ.

ಆ ಪೊದೆಗಳ ಬಗ್ಗೆ ಎರಡು ಮಾತು ಹೇಳಲೇಬೇಕು, ಏಕೆಂದರೆ ಕೆ. ಗುಡಿಯ ಸಫಾರಿಯಲ್ಲಿ ನೀವು ಅತಿ ಹೆಚ್ಚು ನೋಡುವ ಜೀವಿ ಲಂಟಾನ. ಇದು ಹೊರದೇಶದಿಂದ ಬಂದ ಗಿಡ. ಈಗ ಮರಗಳ ಕೆಳಗೆ ಆಳೆತ್ತರಕ್ಕೆ ಬೆಳೆದು ಗೋಡೆ ಕಟ್ಟಿದೆ. ಇಲ್ಲಿನ ಮೂಲನಿವಾಸಿಗಳಾದ ಸೋಲಿಗರು ಹಿಂದೆ ಬೇಸಿಗೆ ಬಲಿಯುವ ಮುನ್ನವೇ ತರಗೆಲೆಗೆ ಸಣ್ಣ ಬೆಂಕಿ ಹಾಕುತ್ತಿದ್ದರು; ಅದನ್ನು ಅವರು ತರಗು ಬೆಂಕಿ ಎನ್ನುತ್ತಾರೆ. ನೆಲಮಟ್ಟದಲ್ಲೇ ಓಡಿ ಆರಿಹೋಗುವ ಆ ಬೆಂಕಿಯಿಂದ ದೊಡ್ಡ ಮರಗಳಿಗೆ ಹಾನಿಯಾಗದೆ ಹೊಸ ಹುಲ್ಲು ಬರುತ್ತಿತ್ತು. 1974ರಲ್ಲಿ ಈ ಕಾಡು ವನ್ಯಜೀವಿಧಾಮವಾದ ಮೇಲೆ ಆ ಪದ್ಧತಿ ನಿಂತಿತು. ಲಂಟಾನ ಹೀಗೆ ಹಬ್ಬಲು ಅದೇ ಕಾರಣವೆಂದು ಸೋಲಿಗ ಹಿರಿಯರು ಹೇಳುತ್ತಾರೆ. ಸಂಶೋಧಕರು ಇತರ ಕಾರಣಗಳನ್ನೂ ಕೊಡುತ್ತಾರೆ ಎನ್ನಿ. ನನಗೆ ಸೋಲಿಗರ ಮಾತಿನಲ್ಲಿ ಹುರುಳಿದೆ ಎನಿಸುತ್ತದೆ. ಹೇಗೂ ಇರಲಿ, ಜೀಪಿನಲ್ಲಿ ಕುಳಿತಾಗ ಕಣ್ಣನ್ನು ಪೊದೆಯ ಮೇಲ್ಭಾಗದಲ್ಲಿ ಅಲೆಸದೆ ಕಾಂಡಗಳ ಬುಡದಲ್ಲಿ ಆಡಿಸಿ. ಕಾಟಿಯ ಬಿಳಿ ಕಾಲುಚೀಲಗಳು ಮೊದಲು ಕಾಣುವುದು ಅಲ್ಲಿಯೇ.

ಹಾಗಾದರೆ ಇಲ್ಲಿ ಏನು ಸಿಗುತ್ತದೆ ಎಂದರೆ, ಸಫಾರಿ ಮುಗಿದ ಮೇಲೂ ಕಾಡು ಮುಗಿಯುವುದಿಲ್ಲ. ಶಿಬಿರ ಕಾಡಿನ ನಡುವೆಯೇ ಇದೆ. ಮೈಸೂರು ಅರಸರ ಕಾಲದ ಹಳೆಯ ಬೇಟೆ ಬಂಗಲೆಯೊಂದು, ಮರಗಳ ಕೆಳಗೆ ಅಲ್ಲೊಂದು ಇಲ್ಲೊಂದು ಎಂಬಂತೆ ಟೆಂಟುಗಳು, ಕೆಲವು ಮರದ ಕುಟೀರಗಳು, ಎಲ್ಲರೂ ಒಟ್ಟಿಗೆ ಕುಳಿತು ಉಣ್ಣುವ ‘ಗೋಲ್ ಘರ್’ ಎಂಬ ತೆರೆದ ಚಾವಡಿ, ಇಷ್ಟೇ ಅದರ ವೈಭವ. ಟೆಂಟ್ ಎಂದೊಡನೆ ಗಾಬರಿಯಾಗಬೇಡಿ. ಒಳಗೆ ಮಂಚ, ಹಾಸಿಗೆ, ಅದಕ್ಕೆ ಹೊಂದಿಕೊಂಡೇ ಸ್ನಾನದ ಕೋಣೆ ಇರುತ್ತವೆ. ಗೋಡೆ ಮಾತ್ರ ಬಟ್ಟೆಯದು. ಆ ಬಟ್ಟೆಯ ಗೋಡೆಯೇ ಈ ವಸತಿಯ ನಿಜವಾದ ಸೌಲಭ್ಯ ಎಂದು ನಾನು ಭಾವಿಸುತ್ತೇನೆ. ಕತ್ತಲಾದ ಮೇಲೆ ನತ್ತಿಂಗ ಎಂಬ ಇರುಳು ಹಕ್ಕಿಯ ‘ಚಕ್, ಚಕ್’ ಸದ್ದು ಒಂದೇ ಸಮನೆ ಶುರುವಾಗುತ್ತದೆ. ಸ್ವಲ್ಪ ಹೊತ್ತಿಗೆ ಟೆಂಟಿನ ಹಿಂದೆ ಒಣ ಎಲೆ ಕೆದಕುವ, ಮೂಸುವ, ನಡುನಡುವೆ ಗುರ್ ಎನ್ನುವ ಸದ್ದು ಕೇಳಿದರೆ ಅದು ಕಾಡುಹಂದಿ. ಹಗಲಿನಲ್ಲೂ ಅವು ಶಿಬಿರದ ಅಂಗಳದಲ್ಲಿ ಜಿಂಕೆಗಳೊಂದಿಗೆ ನಿರಾತಂಕವಾಗಿ ಓಡಾಡುತ್ತಿರುತ್ತವೆ. ದೂರದಲ್ಲಿ ಕಾಡುಕುರಿ ನಾಯಿಯಂತೆ ಬೊಗಳಿದರೆ ಮಗಳು ಖಂಡಿತ ಎದ್ದು ಕೂರುತ್ತಾಳೆ. ಅದು ಜಿಂಕೆಯ ಜಾತಿಯದೇ ಒಂದು ಪ್ರಾಣಿ ಎಂದು ಮೊದಲೇ ಹೇಳಿಟ್ಟಿರಿ.

ಸಫಾರಿ ಸಂಜೆ ಒಂದು, ಬೆಳಗಿನ ಜಾವ ಒಂದು, ಅದು ವಸತಿಯ ಬಾಡಿಗೆಯಲ್ಲೇ ಸೇರಿರುತ್ತದೆ. ಅಲ್ಲಿ ನೋಡುವುದಕ್ಕಿಂತ ಕೇಳುವುದೇ ಹೆಚ್ಚು ಎಂಬುದನ್ನು ಒಪ್ಪಿಕೊಂಡು ಹತ್ತಿದರೆ ಬೇಸರವಾಗುವುದಿಲ್ಲ. ಒಂದು ಸಂಜೆ ನಮ್ಮ ಚಾಲಕರು ತಿರುವೊಂದರಲ್ಲಿ ಇಂಜಿನ್ ಆರಿಸಿ, ಯಾರಿಗೂ ಏನೂ ಹೇಳದೆ, ಸ್ಟೀರಿಂಗ್ ಮೇಲೆ ಕೈಯಿಟ್ಟು ಸುಮ್ಮನೆ ಕುಳಿತರು. ಮೊದಲು ಮರದ ತುದಿಯಿಂದ ಮುಸುವವೊಂದು ಕೆಮ್ಮಿದ ಹಾಗೆ ಕೂಗಿತು. ಅವರು ಅದಕ್ಕೆ ಅಷ್ಟಾಗಿ ಗಮನ ಕೊಡಲಿಲ್ಲ. ಆಮೇಲೆ ಚುಕ್ಕಿ ಜಿಂಕೆಯ ಚೂಪಾದ ಕೂಗು. ಅದಕ್ಕೂ ಅಲುಗಲಿಲ್ಲ, ಏಕೆಂದರೆ ಜಿಂಕೆ ನಮ್ಮ ಜೀಪಿಗೂ ಕೂಗುತ್ತದೆ. ಕೊನೆಗೆ ಕೆಳಗಿನ ಹಳ್ಳದ ಕಡೆಯಿಂದ ಕಡವೆಯೊಂದು ‘ಢಾಂಕ್’ ಎಂದು ಒಮ್ಮೆ, ಬಿಟ್ಟು ಮತ್ತೊಮ್ಮೆ ಕೂಗಿದಾಗ ಅವರು ಸೀಟಿನಲ್ಲಿ ನೆಟ್ಟಗಾದರು. ಕಡವೆ ಸುಮ್ಮಸುಮ್ಮನೆ ಕೂಗುವ ಪ್ರಾಣಿಯಲ್ಲ. ಹುಲಿಯನ್ನೋ ಚಿರತೆಯನ್ನೋ ಕಣ್ಣಾರೆ ಕಂಡರೆ ಅಥವಾ ವಾಸನೆ ಖಚಿತವಾಗಿ ಬಂದರೆ ಮಾತ್ರ ಹೀಗೆ ಬಿಟ್ಟುಬಿಟ್ಟು ಕೂಗುತ್ತದೆ ಎಂದು ಕಾಡಿನಲ್ಲಿ ಪಳಗಿದವರೆಲ್ಲ ನಂಬುತ್ತಾರೆ. ಕೂಗು ಹಳ್ಳದುದ್ದಕ್ಕೂ ಸರಿಯುತ್ತ ಹೋದದ್ದರಿಂದ ಒಳಗಿದ್ದ ಪ್ರಾಣಿ ಎಡದಿಂದ ಬಲಕ್ಕೆ ಹೋಗುತ್ತಿದೆ ಎಂಬುದು ನಮಗೂ ತಿಳಿಯಿತು. ಅದು ರಸ್ತೆಗೆ ಬರಲೇ ಇಲ್ಲ. ಜೀಪಿನಲ್ಲಿದ್ದ ಒಬ್ಬರು ದುಡ್ಡು ದಂಡವಾಯಿತೆಂದು ಗೊಣಗಿದರು. ನನ್ನ ಮಟ್ಟಿಗೆ ಅದು ಕಬಿನಿಯಲ್ಲಿ ಹತ್ತಾರು ಜೀಪುಗಳ ನಡುವೆ ಕುತ್ತಿಗೆ ಉದ್ದ ಮಾಡಿ ನೋಡಿದ ಹುಲಿಗಿಂತ ದೊಡ್ಡ ಅನುಭವ. ಇನ್ನೊಂದು ಸ್ವಾರಸ್ಯ: ಹುಲಿ ತನ್ನ ಗಡಿ ಗುರುತಿಸಲು ಮರಕ್ಕೆ ಸಿಂಪಡಿಸುವ ದ್ರವದಲ್ಲಿ ಬಾಸುಮತಿ ಅಕ್ಕಿಯ ಪರಿಮಳಕ್ಕೆ ಕಾರಣವಾದ ರಾಸಾಯನಿಕವೇ ಇದೆ. ಆದ್ದರಿಂದ ಅನ್ನದ ಘಮ ಬಂದರೆ ಅಡುಗೆಮನೆ ಹತ್ತಿರವಾಯಿತೆಂದುಕೊಳ್ಳಬೇಡಿ.

ಯಾವ ತಿಂಗಳು ಹೋಗಬೇಕು ಎಂದೂ ಕೇಳಿದ್ದೀರಿ. ಈ ಬೆಟ್ಟಗಳಿಗೆ ಮುಂಗಾರು ಮತ್ತು ಹಿಂಗಾರು ಎರಡೂ ಮಳೆ ಬೀಳುವುದರಿಂದ ಅಕ್ಟೋಬರ್, ನವೆಂಬರಿನಲ್ಲೂ ನೆಲ ಹಸಿಯಾಗಿರುತ್ತದೆ, ಜಿಗಣೆಗಳೂ ಇರಬಹುದು. ಡಿಸೆಂಬರ್, ಜನವರಿಯಲ್ಲಿ ಕಾಡು ಚೆಲುವಾಗಿರುತ್ತದೆ, ಆದರೆ ತೆರೆದ ಜೀಪಿನಲ್ಲಿ ಬೆಳಗಿನ ಚಳಿ ತಾಯಿಯವರಿಗೆ ಕಷ್ಟ. ಫೆಬ್ರವರಿಯ ನಂತರ ಎಲೆಗಳು ಉದುರಿ ನೋಟ ಸ್ವಲ್ಪ ತೆರೆದುಕೊಳ್ಳುತ್ತದೆ, ಪ್ರಾಣಿಗಳು ನೀರಿನ ಹೊಂಡಗಳ ಹತ್ತಿರ ಬರುತ್ತವೆ. ಆಗ ಉಣುಗು ಮತ್ತು ಕಾಡ್ಗಿಚ್ಚಿನ ಕಾಟ. ನಿಮ್ಮ ಕುಟುಂಬಕ್ಕೆ ಫೆಬ್ರವರಿಯ ಮೊದಲ ಭಾಗ ಹೊಂದುತ್ತದೆ ಎಂದು ನನ್ನ ಲೆಕ್ಕ.

ತಾಯಿಯವರ ವಿಷಯದಲ್ಲಿ ಟೆಂಟಿಗಿಂತ ಹೆಚ್ಚು ಯೋಚಿಸಬೇಕಾದದ್ದು ಜೀಪು. ಹತ್ತುವ ಮೆಟ್ಟಿಲು ಎತ್ತರ, ದಾರಿ ಕಲ್ಲುಗುಂಡಿಯದು, ಒಮ್ಮೆ ಹೊರಟರೆ ಎರಡು ಮೂರು ಗಂಟೆ ನಡುವೆ ಎಲ್ಲಿಯೂ ಇಳಿಯುವಂತಿಲ್ಲ. ಸೊಂಟ ಅಥವಾ ಮಂಡಿಯ ನೋವಿದ್ದರೆ ಹಿಂದಿನ ಸಾಲಿನ ಸೀಟು ಬೇಡವೇ ಬೇಡ. ಚಾಲಕರ ಪಕ್ಕದ ಅಥವಾ ಅದರ ಹಿಂದಿನ ಸೀಟು ಬೇಕೆಂದು ಶಿಬಿರಕ್ಕೆ ತಲುಪಿದ ಕೂಡಲೇ ವ್ಯವಸ್ಥಾಪಕರಿಗೆ ಹೇಳಿಡಿ. ಹೊರಡುವ ಮುಂಚೆ ಶೌಚಾಲಯಕ್ಕೆ ಹೋಗಿಬರುವುದು ಮಕ್ಕಳಷ್ಟೇ ಹಿರಿಯರಿಗೂ ಅಗತ್ಯ. ಒಂದು ಸಫಾರಿಗೆ ಅವರು ಬಾರದೆ ಶಿಬಿರದಲ್ಲೇ ಕುರ್ಚಿ ಹಾಕಿಕೊಂಡು ಕುಳಿತರೂ ನಷ್ಟವಿಲ್ಲ. ಜಿಂಕೆಗಳು ಅಲ್ಲಿಗೇ ಬರುತ್ತವೆ. ದಿನದ ಮಾತ್ರೆಗಳ ಜೊತೆಗೆ ಒಂದೆರಡು ದಿನದ್ದು ಹೆಚ್ಚಿಗೆ ಇರಲಿ. ತುರ್ತು ಬಂದರೆ ಬೆಟ್ಟದ ಮೇಲೆ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದ ಆಸ್ಪತ್ರೆಯಿದೆ, ದೊಡ್ಡ ಚಿಕಿತ್ಸೆಗೆ ಚಾಮರಾಜನಗರಕ್ಕೇ ಇಳಿಯಬೇಕು. ಫೋನ್ ಸಿಗದ ಕಾರಣ ಶಿಬಿರದ ಕಚೇರಿಯ ಮೂಲಕವೇ ಮಾತಾಡಬೇಕಾದೀತು. ಹೃದಯದ ತೊಂದರೆ ಇರುವವರಾದರೆ ಕಬಿನಿಯ ಕಡೆಯ ಪಕ್ಕಾ ಕೋಣೆಯೇ ವಾಸಿ.

ಮಗಳಿಗೆ ಇರಬೇಕಾದ ನಿಯಮಗಳು ಮೂರೇ ನಾಲ್ಕು: ಕತ್ತಲಾದ ಮೇಲೆ ದೊಡ್ಡವರ ಕೈ ಮತ್ತು ಟಾರ್ಚ್ ಇಲ್ಲದೆ ಟೆಂಟಿನಿಂದ ಹೊರಬರಬಾರದು, ಬಿಸ್ಕತ್ತು ಚಾಕೊಲೇಟುಗಳನ್ನು ಟೆಂಟಿನಲ್ಲಿ ಇಡಬಾರದು, ಬೂಟನ್ನು ಝಾಡಿಸದೆ ಹಾಕಬಾರದು, ಹಂದಿಮರಿ ಎಷ್ಟೇ ಮುದ್ದಾಗಿದ್ದರೂ ಹತ್ತಿರ ಹೋಗಬಾರದು. ತಿಂಡಿಯ ವಿಷಯ ಸಣ್ಣದೆನಿಸಬಹುದು, ಆದರೆ ಕೋತಿಗಳೂ ಹಂದಿಗಳೂ ಟೆಂಟಿನ ಜಿಪ್ಪಿಗೆ ಮರ್ಯಾದೆ ಕೊಡುವುದಿಲ್ಲ. ಬಟ್ಟೆ ಮಣ್ಣುಬಣ್ಣದ್ದಿರಲಿ, ಸೆಂಟ್ ಬೇಡ. ಒಂದು ಬೈನಾಕ್ಯುಲರ್ ಕೊಡಿಸಿದರೆ ಅವಳಿಗೆ ಟೀವಿ ನೆನಪಾಗುವುದಿಲ್ಲ. ಕೆಂದಳಿಲು, ಮರಕುಟಿಗ ಇವೆಲ್ಲ ಟೆಂಟಿನ ಮುಂದಿನ ಮರಗಳಲ್ಲೇ ಸಿಗುತ್ತವೆ.

ನಡುವಿನ ದಿನದ ಮಧ್ಯಾಹ್ನ ಖಾಲಿ ಇರುವುದರಿಂದ ರಂಗನಾಥನ ದೇವಸ್ಥಾನಕ್ಕೆ ಹೋಗಿಬರಬಹುದು. ಸೋಲಿಗರ ಹುಡುಗಿ ಕುಸುಮಾಲೆಯನ್ನು ಮದುವೆಯಾದ ಕಾರಣ ರಂಗಯ್ಯ ತಮಗೆ ಭಾವನಾಗಬೇಕೆಂದು ಸೋಲಿಗರು ಹಾಡಿ ಹೇಳುತ್ತಾರೆ. ತಾಯಿಯವರಿಗೆ ಈ ಕಥೆ ಹಿಡಿಸೀತು. 2011ರಲ್ಲಿ ಅರಣ್ಯ ಹಕ್ಕು ಕಾಯಿದೆಯಡಿ ಕಾಡಿನ ಮೇಲಿನ ಸಮುದಾಯದ ಹಕ್ಕುಗಳು ಇವರಿಗೆ ದೊರೆತವು. ಅಲ್ಲಿ ಸೋಲಿಗರೊಬ್ಬರು ಮಾತಿಗೆ ಸಿಕ್ಕರೆ ಕಾಡಿನ ಬಗ್ಗೆ ಕೇಳಿ, ಹುಲಿಯ ಬಗ್ಗೆ ಮಾತ್ರವೇ ಕೇಳಬೇಡಿ.

ಬುಕಿಂಗ್ ಮಾಡುವ ಮುನ್ನ ಸಫಾರಿ ನಡೆಯುತ್ತಿದೆಯೇ ಎಂದು ವಿಚಾರಿಸಿಕೊಳ್ಳಿ. ಕಾಡ್ಗಿಚ್ಚಿನ ಭಯವಿದ್ದಾಗಲೋ ಬೇರೆ ಕಾರಣಕ್ಕೋ ಅರಣ್ಯ ಇಲಾಖೆ ಅದನ್ನು ನಿಲ್ಲಿಸುವುದುಂಟು. ತಾಯಿಯವರಿಗಾಗಿ ಮರದ ಕುಟೀರ ಸಿಗುತ್ತದೆಯೇ ಎಂದು ಆಗಲೇ ಕೇಳಿ, ಏಕೆಂದರೆ ಅವು ಸಂಖ್ಯೆಯಲ್ಲಿ ಕಡಿಮೆ. ಕಾಡಿನ ಚೆಕ್‌ಪೋಸ್ಟಿನ ಗೇಟು ಸಂಜೆಯ ನಂತರ ಮುಚ್ಚುತ್ತದೆ, ಆ ಹೊತ್ತಿನಲ್ಲಿ ರಸ್ತೆ ಆನೆಗಳದು. ಮಧ್ಯಾಹ್ನದ ಊಟದ ಹೊತ್ತಿಗೆ ತಲುಪುವಂತೆ ಹೊರಟರೆ ಮೊದಲ ದಿನದ ಸಂಜೆಯ ಸಫಾರಿಯೂ ತಪ್ಪುವುದಿಲ್ಲ.